ಟೆಂಪೋ ಟ್ರಾವೆಲರ್ ಮೇಲೆ 540 ವ್ಯಾಟಿನ ಎರಡು ಸೋಲಾರ್ ಪ್ಯಾನೆಲ್ ಹಾಕಬಹುದಾ?

ದಾವಣಗೆರೆ_ಹುಡುಗಿ

ಎಲ್ಲರಿಗೂ ನಮಸ್ಕಾರ. ಹಳೇ ಟೆಂಪೋ ಟ್ರಾವೆಲರ್ (ಟಿಟಿ) ತಗೊಂಡು, ಒಳಗೇ ಮಲಗಿ ಉಳಿಯುವ ಹಾಗೆ ಕ್ಯಾಂಪರ್ ಮಾಡಿಸುತ್ತಿದ್ದೇವೆ. ಓಡಾಡುವವರು ಅಪ್ಪ, ಅಮ್ಮ, ನಾನು. ಮಂಚ, ನೀರಿನ ಟ್ಯಾಂಕು, ಕಪಾಟು ಎಲ್ಲ ಮುಗಿದಿದೆ. ಉಳಿದಿರುವುದು ಕರೆಂಟಿನ ಕೆಲಸ.

ಅಪ್ಪನಿಗೆ ರಾತ್ರಿ ಮಲಗುವಾಗ ಸಿಪ್ಯಾಪ್ (ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಗಾಳಿ ಒತ್ತಿ ಕೊಡುವ) ಮೆಷಿನ್ ಬೇಕೇ ಬೇಕು. ನಡುರಾತ್ರಿ ಅದು ನಿಲ್ಲುವ ಹಾಗಿಲ್ಲ. ಜೊತೆಗೆ 12 ವೋಲ್ಟಿನ 50 ಲೀಟರ್ ಫ್ರಿಜ್, ಎರಡು ಫ್ಯಾನು, ಲೈಟು, ನನ್ನ ಲ್ಯಾಪ್‌ಟಾಪ್. ಅಮ್ಮನಿಗೆ ಇಂಡಕ್ಷನ್ ಒಲೆಯೂ ಇರಲಿ ಅಂತ ಆಸೆ.

ಮನೆಗಳಿಗೆ ಸೋಲಾರ್ ಹಾಕುವವರೊಬ್ಬರು 540 ವ್ಯಾಟಿನ ಎರಡು ಪ್ಯಾನೆಲ್ ಸೀರೀಸ್‌ನಲ್ಲಿ (ಒಂದರ ಹಿಂದೊಂದು) ಜೋಡಿಸಿ, 100 ವೋಲ್ಟಿನವರೆಗೆ ತಡೆಯುವ ಎಂಪಿಪಿಟಿ (ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ತುಂಬಿಸುವ ಚಾರ್ಜರ್) ಕೊಡುತ್ತೇನೆ ಅಂದಿದ್ದಾರೆ. ಒಳಗಡೆಗೆ ಮನೆಗೆ ಹಾಕುವ 2.5 ಸ್ಕ್ವೇರ್ ಎಂಎಂ ವೈರು, ಮನೆಯದ್ದೇ ಎಂಸಿಬಿ (ಕರೆಂಟು ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್ಚು) ಸಾಕಂತೆ. ಮಳೆಗಾಲದಲ್ಲಿ ಆಗುಂಬೆ, ಕುದುರೆಮುಖದ ಕಡೆ ಸುತ್ತಿ, ಮುಂದಿನ ವರ್ಷ ಲಡಾಖ್‌ಗೆ ಹೋಗುವ ಯೋಚನೆ ಇದೆ. ಇದು ಸರಿ ಇದೆಯಾ? ತಿಳಿದವರು ಹೇಳಿ.

ವೈರು_ಫ್ಯೂಸು, ಶಿವಮೊಗ್ಗ

ತಂಗೀ, ನಾನು ಬಸ್ಸು, ಆಂಬುಲೆನ್ಸ್‌ಗಳ ವೈರಿಂಗ್ ಮಾಡುವವನು. ಪ್ಯಾನೆಲ್ ವಿಚಾರ ಆಮೇಲೆ. ಮೊದಲು ದಿನಕ್ಕೆ ಎಷ್ಟು ಬೇಕು ಅಂತ ನೋಡೋಣ.

ಫ್ರಿಜ್ ಓಡುವಾಗ 45–50 ವ್ಯಾಟ್ ಎಳೆಯುತ್ತದೆ. ಬೇಸಿಗೆಯಲ್ಲಿ ಅರ್ಧ ಹೊತ್ತು ಓಡುತ್ತಲೇ ಇರುತ್ತದೆ. ದಿನಕ್ಕೆ 550 ವ್ಯಾಟ್-ಅವರ್ (ವ್ಯಾಟನ್ನು ಗಂಟೆಯಿಂದ ಗುಣಿಸಿದ್ದು) ಅಂತ ಇಟ್ಟುಕೊಳ್ಳಿ. ಸಿಪ್ಯಾಪ್‌ನಲ್ಲಿ ಗಾಳಿಗೆ ತೇವ ಕೊಡುವ ನೀರಿನ ಹೀಟರ್ ಆಫ್ ಮಾಡಿದರೆ ರಾತ್ರಿಗೆ 300ರ ಆಸುಪಾಸು. ಹೀಟರ್ ಹಾಕಿದರೆ ಎರಡರಷ್ಟಾಗಬಹುದು. ಫ್ಯಾನಿಗೆ 300, ಲೈಟು, ಲ್ಯಾಪ್‌ಟಾಪ್, ಮೊಬೈಲು ಸೇರಿ ಇನ್ನೊಂದು 300. ಒಟ್ಟು 1,450. 200 ಆಂಪ್-ಅವರ್‌ನ ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ 2,560 ವ್ಯಾಟ್-ಅವರ್ ಇರುತ್ತದೆ. ಫುಲ್ ಚಾರ್ಜ್ ಇದ್ದರೆ ಒಂದು ದಿನ ಬಿಸಿಲೇ ಬರದಿದ್ದರೂ ಆ ರಾತ್ರಿ ಅಪ್ಪನ ಮೆಷಿನ್ ನಿಲ್ಲುವುದಿಲ್ಲ. ಆ ಮೆಷಿನ್ನನ್ನು ಇನ್ವರ್ಟರ್ ಮೇಲೆ ಓಡಿಸಬೇಡಿ. ಬ್ಯಾಟರಿಯಿಂದ ನೇರ ಓಡಿಸುವ, ಅದರ ಕಂಪನಿಯದ್ದೇ ಡಿಸಿ ಅಡಾಪ್ಟರ್ ಸಿಗುತ್ತದಾ ವಿಚಾರಿಸಿ. ಬ್ಯಾಟರಿಯಿಂದ ಅದಕ್ಕೆ ಬೇರೆಯೇ ವೈರು, ಬೇರೆಯೇ ಫ್ಯೂಸು ಇರಲಿ. ಫ್ಯಾನಿನ ಲೈನು ಕೆಟ್ಟರೂ ಅಪ್ಪನ ಉಸಿರಿಗೆ ತೊಂದರೆ ಆಗಬಾರದು.

ಇಂಡಕ್ಷನ್ ಬೇಡ ಅಂತ ಅಮ್ಮನಿಗೆ ಹೇಳಿ. 1,800 ವ್ಯಾಟಿನ ಒಲೆಗೆ 12 ವೋಲ್ಟಿನ ಬ್ಯಾಟರಿಯಿಂದ 150 ಆಂಪಿಗೂ ಜಾಸ್ತಿ ಬೇಕು. ಇಪ್ಪತ್ತು ನಿಮಿಷ ಉರಿಸಿದರೆ ಫ್ರಿಜ್ಜಿನ ಇಡೀ ದಿನದ ಪಾಲು ಖಾಲಿ. ಗ್ಯಾಸ್ ಒಲೆಯನ್ನು ಗಾಡಿಯಿಂದ ಹೊರಗಿಟ್ಟು ಅಡುಗೆ ಮಾಡಿಕೊಳ್ಳಿ.

ಪ್ಯಾನೆಲ್ ಎರಡು ಬೇಡ, ಒಂದೇ ಸಾಕು. 540 ವ್ಯಾಟಿನದ್ದು ಏಳೂವರೆ ಅಡಿ ಉದ್ದ, ಸುಮಾರು 28 ಕೆಜಿ ತೂಕ. ನಮ್ಮ ಕಡೆ ಒಳ್ಳೇ ಬಿಸಿಲಿನ ದಿನ ಐದು ಗಂಟೆಯ ಪೂರ್ತಿ ಬಿಸಿಲು ಅಂತ ಹಿಡಿದು, ಸೆಕೆ, ಧೂಳು ಅಂತ ಮೂವತ್ತು ಪರ್ಸೆಂಟ್ ಕಳೆದರೂ 1,900 ಬರುತ್ತದೆ. ಆಗುಂಬೆ ಮಳೆಯಲ್ಲಿ, ಮರದ ಕೆಳಗೆ ಇದನ್ನು ನಂಬಬೇಡಿ. ಅದಕ್ಕೇ ಗಾಡಿ ಓಡುವಾಗ ಇಂಜಿನ್ನಿನ ಆಲ್ಟರ್ನೇಟರ್ (ಕರೆಂಟು ಹುಟ್ಟಿಸುವ ಡೈನಮೊ) ಕಡೆಯಿಂದ ಬ್ಯಾಟರಿ ತುಂಬಿಸುವ 30 ಆಂಪಿನ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ಗಂಟೆ ಹೊತ್ತು ಗಾಡಿ ಓಡಿದರೆ 400 ವ್ಯಾಟ್-ಅವರ್ ತುಂಬುತ್ತದೆ. ಲಿಥಿಯಂ ಬ್ಯಾಟರಿಯನ್ನು ಆಲ್ಟರ್ನೇಟರ್‌ಗೆ ನೇರ ಜೋಡಿಸಿದರೆ ಅದು ಸಿಕ್ಕಷ್ಟೂ ಎಳೆಯುತ್ತದೆ, ಆಲ್ಟರ್ನೇಟರ್ ಸುಟ್ಟು ಹೋಗಬಹುದು.

ಈಗ ವೈರು. ದಯವಿಟ್ಟು ಇಲ್ಲಿ ದುಡ್ಡು ಉಳಿಸಬೇಡಿ. ಮನೆಯಲ್ಲಿ 480 ವ್ಯಾಟಿಗೆ 2 ಆಂಪ್ ಹರಿದರೆ, 12 ವೋಲ್ಟಿನಲ್ಲಿ 40 ಆಂಪ್ ಹರಿಯುತ್ತದೆ. ಬ್ಯಾಟರಿಯಿಂದ ಐದು ಮೀಟರ್ ದೂರಕ್ಕೆ 2.5 ವೈರಿನಲ್ಲಿ 40 ಆಂಪ್ ಕಳಿಸಿದರೆ ದಾರಿಯಲ್ಲೇ ಎರಡೂವರೆ ವೋಲ್ಟಿಗಿಂತ ಜಾಸ್ತಿ ಕಳೆದುಹೋಗುತ್ತದೆ. ಕಳೆದದ್ದೆಲ್ಲ ಪ್ಲೈವುಡ್ಡಿನ ಹಿಂದೆ ಬಿಸಿಯಾಗುತ್ತದೆ. ಅದಕ್ಕೆ ಎಂಪಿಪಿಟಿಯನ್ನು ಬ್ಯಾಟರಿಯ ಪಕ್ಕದಲ್ಲೇ ಇಡಿಸಿ. ಛಾವಣಿಯಿಂದ ಅಲ್ಲಿಗೆ 6 ಸ್ಕ್ವೇರ್ ಎಂಎಂ ಸೋಲಾರ್ ಕೇಬಲ್ ಸಾಕು, ಅಲ್ಲಿ ಹರಿಯುವುದು 13 ಆಂಪ್ ಅಷ್ಟೇ. ಎಂಪಿಪಿಟಿಯಿಂದ ಬ್ಯಾಟರಿಗೆ 16 ಸ್ಕ್ವೇರ್, ಮೀಟರಿಗಿಂತ ಉದ್ದ ಬೇಡ.

ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಮೇನ್ ಫ್ಯೂಸ್ ಬರಬೇಕು. ಫ್ಯೂಸ್ ಇರುವುದು ವೈರನ್ನು ಕಾಪಾಡಲಿಕ್ಕೆ. ವೈರು ತಡೆಯುವುದಕ್ಕಿಂತ ದೊಡ್ಡ ಫ್ಯೂಸ್ ಹಾಕಿದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಮನೆಯ ಎಂಸಿಬಿ ಬೇಡ. ಮನೆಗೆ ಬರುವ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಆಗ ಕಿಡಿ ಆರುತ್ತದೆ. ಬ್ಯಾಟರಿಯ ಡಿಸಿ ಕರೆಂಟಿನಲ್ಲಿ ಹಾಗೆ ಆಗುವುದಿಲ್ಲ, ಕಿಡಿ ಎಳೆದುಕೊಂಡೇ ಇರುತ್ತದೆ. ಡಿಸಿ ಅಂತಲೇ ಬರೆದಿರುವ ಎಂಸಿಬಿ ಕೇಳಿ ತಗೊಳ್ಳಿ.

ಇತ್ತೀಚೆಗೆ ಒಂದು ಗಾಡಿ ನಮ್ಮಲ್ಲಿಗೆ ಬಂತು. ಹಿಂದಿನ ಲೈಟು ಮಿಣುಕುತ್ತಿದೆ ಅಂದರು. ಒಳಗಿನ ಶೀಟು ಬಿಚ್ಚಿ ನೋಡಿದರೆ, ಗಾಡಿಯ ಬಾಡಿ ಕಂಬದ ತೂತಿನಲ್ಲಿ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರಿಸುವ ಬಳೆ) ಹಾಕದೇ ವೈರು ಎಳೆದಿದ್ದಾರೆ. ತಗಡಿನ ಅಂಚು ಬ್ಲೇಡಿನ ಹಾಗಿತ್ತು. ಕೆಂಪು ಪ್ಲಾಸ್ಟಿಕ್ ಸವೆದು ತಾಮ್ರ ಹೊಳೆಯುತ್ತಿತ್ತು. ಗಾಡಿ ಅಂದ ಮೇಲೆ ಅಲುಗಾಟ ಇದ್ದದ್ದೇ. ಪ್ರತಿ ತೂತಿಗೂ ಗ್ರಾಮೆಟ್, ಪ್ರತಿ ಅಡಿಗೂ ಕ್ಲಾಂಪ್ ಇದೆಯಾ ಅಂತ ಶೀಟು ಮುಚ್ಚುವ ಮುಂಚೆ ನೀವೇ ನಿಂತು ನೋಡಿ.

ಕ್ಯಾಲ್ಗರಿ_ಕನ್ನಡಿಗ

ಶಿವಮೊಗ್ಗದ ಅಣ್ಣ ಒಂದೇ ಪ್ಯಾನೆಲ್ ಅಂದಿದ್ದಕ್ಕೆ ಇನ್ನೊಂದು ಕಾರಣವೂ ಇದೆ. 540ರ ಪ್ಯಾನೆಲ್ಲಿನ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಕರೆಂಟು ಎಳೆಯದಿದ್ದಾಗ ಬರುವ ಗರಿಷ್ಠ ವೋಲ್ಟೇಜ್) 49.5ರ ಹತ್ತಿರ ಇರುತ್ತದೆ. ಎರಡು ಸೀರೀಸ್ ಅಂದರೆ ವೋಲ್ಟೇಜ್ ಕೂಡಿ 99. ಅದು 25 ಡಿಗ್ರಿಯಲ್ಲಿ ಅಳೆದ ಲೆಕ್ಕ. ಚಳಿ ಹೆಚ್ಚಿದಷ್ಟೂ ವೋಲ್ಟೇಜ್ ಏರುತ್ತದೆ. ಸೊನ್ನೆ ಡಿಗ್ರಿಗೆ ಬಂದರೆ 7 ಪರ್ಸೆಂಟ್ ಏರಿ 106 ಆಗುತ್ತದೆ. ಲಡಾಖ್‌ನಲ್ಲಿ ಬೆಳಗ್ಗೆ ಬಿಸಿಲು ಬಿದ್ದ ತಕ್ಷಣ 100 ವೋಲ್ಟಿನ ಎಂಪಿಪಿಟಿ ಸುಟ್ಟು ಹೋಗಬಹುದು. ಇಲ್ಲಿ ಕೆನಡಾದ ಚಳಿಯಲ್ಲಿ ನಮ್ಮ ಟ್ರೇಲರ್‌ಗೆ ಪ್ಯಾನೆಲ್ ಜೋಡಿಸುವಾಗ ಮೊದಲು ಮಾಡಿದ್ದೇ ಈ ಲೆಕ್ಕ.

ಇನ್ನೊಂದು ವಿಷಯ. ಲಿಥಿಯಂ ಫಾಸ್ಫೇಟನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ ಹಾಳಾಗುತ್ತದೆ. ಚಳಿಯಲ್ಲಿ ಚಾರ್ಜಿಂಗ್ ತಾನೇ ನಿಲ್ಲಿಸುವ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಇರುವ ಬ್ಯಾಟರಿಯೇ ತಗೊಳ್ಳಿ. ಅದನ್ನು ಗಾಡಿ ಕೆಳಗೆ ಕಟ್ಟಬೇಡಿ, ನೀವು ಮಲಗುವ ಜಾಗದಲ್ಲೇ, ಮಂಚದ ಕೆಳಗೆ ಇಡಿ.

ಮೈಸೂರು_ರೋಡ್

ಸೋಲಾರ್ ಹಾಕುವ ಮುಂಚೆ ಆರ್‌ಸಿ ಕಡೆ ಗಮನ ಕೊಡಿ ಮೇಡಂ. ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಸೀಟು ತೆಗೆದು ಮಂಚ ಹಾಕಿದ್ದೀರಿ, ಅದೇ ದೊಡ್ಡ ಬದಲಾವಣೆ. ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೂ ಬರವಣಿಗೆಯಲ್ಲಿ ತಿಳಿಸಿ.

ದಾವಣಗೆರೆ_ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆರ್‌ಟಿಒಗೆ ಸೋಮವಾರ ಹೋಗುತ್ತೇನೆ. ಇಂಡಕ್ಷನ್ ಕೈಬಿಟ್ಟೆವು, ಅಮ್ಮನೂ ಒಪ್ಪಿದರು. ಅಣ್ಣಾ, ಛಾವಣಿಗೆ ತೂತು ಹೊಡೆದರೆ ಮಳೆ ನೀರು ಸೋರುವುದಿಲ್ಲವಾ? ಅಂಟಿನಲ್ಲೇ ಕೂರಿಸಿದರೆ ಆಗುತ್ತದಾ?

ವೈರು_ಫ್ಯೂಸು, ಶಿವಮೊಗ್ಗ

28 ಕೆಜಿಯ ಗಾಜಿನ ಪ್ಯಾನೆಲ್ಲನ್ನು ಬರೀ ಅಂಟಿನ ಮೇಲೆ ಬಿಡಬೇಡಿ ತಂಗೀ. ಹೈವೇಯಲ್ಲಿ ಗಾಳಿ ಕೆಳಗಿಂದ ಎತ್ತುತ್ತದೆ. ಛಾವಣಿಯ ಕೆಳಗಿನ ಅಡ್ಡಪಟ್ಟಿ ಎಲ್ಲಿದೆ ನೋಡಿ, ಬ್ರಾಕೆಟ್ಟನ್ನು ಅಲ್ಲಿಗೇ ಬೋಲ್ಟ್ ಮಾಡಿಸಿ. ತೂತು ಹೊಡೆದ ಅಂಚಿಗೆ ಪ್ರೈಮರ್ ಬಳಿದು, ಬ್ರಾಕೆಟ್ ಅಡಿಗೂ ಬೋಲ್ಟಿನ ತಲೆಗೂ ಪಿಯು (ಪಾಲಿಯುರೆಥೇನ್) ಸೀಲಂಟ್ ತುಂಬಿಸಿ. ಬಾತ್‌ರೂಮಿಗೆ ಹಾಕುವ ಸಿಲಿಕಾನ್ ಬೇಡ. ಪ್ಯಾನೆಲ್ ಅಡಿಯಲ್ಲಿ ಎರಡು ಇಂಚು ಗಾಳಿ ಆಡಲಿ, ಬಿಸಿಯಾದಷ್ಟೂ ಅದು ಕೊಡುವ ಕರೆಂಟು ಇಳಿಯುತ್ತದೆ. ಛಾವಣಿ ಮೇಲೆ ಏರ್ ಕಂಡಿಷನರ್ ಯೂನಿಟ್ ಇದ್ದರೆ, ಅದರ ನೆರಳು ಬೀಳದಷ್ಟು ದೂರ ಪ್ಯಾನೆಲ್ ಇರಲಿ.

ಜೋಡಿಸುವಾಗ ಮೊದಲು ಬ್ಯಾಟರಿಯನ್ನು ಎಂಪಿಪಿಟಿಗೆ ಕೊಡಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಎಲ್ಲ ಆದ ಮೇಲೆ ಮನೆ ಮುಂದೆಯೇ ಗಾಡಿ ನಿಲ್ಲಿಸಿ, ಪ್ಯಾನೆಲ್ ಆಫ್ ಮಾಡಿ, ಅಪ್ಪನ ಮೆಷಿನ್ ಹಾಕಿ ಒಂದು ರಾತ್ರಿ ಒಳಗೇ ಮಲಗಿ ನೋಡಿ. ಬೆಳಗ್ಗೆ ಬ್ಯಾಟರಿ ಎಷ್ಟು ಪರ್ಸೆಂಟ್ ಇತ್ತು ಅಂತ ಇಲ್ಲಿ ಬರೆಯಿರಿ.