ಬಾಲ್ಕನಿ ಕ್ಯಾಮೆರಾ ಆಗಾಗ ಕಪ್ಪಾಗುತ್ತಿದೆ, ಎಲ್ಲಿಂದ ಹುಡುಕೋದು?

ಕೇಳಿದವರು, ಚಿಂತಾಮಣಿ: ಮದುವೆ ಲೈವ್ ಸೆಟಪ್, ನಾಲ್ಕು ಕ್ಯಾಮೆರಾ, ಎಚ್‌ಡಿಎಂಐ ಮಿಕ್ಸರ್ (ಯಾವ ಕ್ಯಾಮೆರಾದ ಚಿತ್ರ ಹೋಗಬೇಕು ಅಂತ ಆರಿಸೋ ಡಬ್ಬಿ). ಮಂಟಪದ ಹತ್ತಿರದ ಎರಡಕ್ಕೆ 5 ಮೀಟರ್ ಎಚ್‌ಡಿಎಂಐ ವೈರ್. ಮೂರನೆಯದು ಬಾಲ್ಕನಿಯಲ್ಲಿ: ಎಚ್‌ಡಿಎಂಐಯಿಂದ ಎಸ್‌ಡಿಐಗೆ (ಉದ್ದ ಕೇಬಲ್‌ನಲ್ಲಿ ವಿಡಿಯೊ ಕಳಿಸೋ ವಿಧಾನ) ಕನ್ವರ್ಟರ್, 60 ಮೀಟರ್ ಕೇಬಲ್, ಮಿಕ್ಸರ್ ಪಕ್ಕ ಇನ್ನೊಂದು ಕನ್ವರ್ಟರ್. ನಾಲ್ಕನೆಯದು ವೈರ್‌ಲೆಸ್. ಮೂರನೆಯದು ಇದ್ದಕ್ಕಿದ್ದಂತೆ ಎರಡು-ಮೂರು ಸೆಕೆಂಡ್ ಕಪ್ಪಾಗಿ ತಾನೇ ವಾಪಸ್ ಬರುತ್ತೆ. ಧಾರೆ ಹೊತ್ತಲ್ಲೂ ಹಾಗೇ ಆಯ್ತು. ಎಚ್‌ಡಿಎಂಐ ವೈರ್ ಬದಲಾಯಿಸಿದರೂ ಹೋಗಿಲ್ಲ. ಮಿಕ್ಸರ್ ಸರ್ವಿಸ್‌ಗೆ ಕೊಡಬೇಕಾ?

ತುಮಕೂರಿನಿಂದ: ಈಗಲೇ ಕೊಡಬೇಡಿ ಸರ್. ಮಿಕ್ಸರ್ ಹಿಂದೆ ಒಂದನೇ ವೈರನ್ನೂ ಮೂರನೇ ವೈರನ್ನೂ ಅದಲುಬದಲು ಮಾಡಿ. ಕಪ್ಪು ಬಾಲ್ಕನಿ ಕ್ಯಾಮೆರಾ ಜೊತೆಗೇ ಹೋದರೆ ತೊಂದರೆ ಆ ಲೈನ್‌ನಲ್ಲಿದೆ, ಮೂರನೇ ಪೋರ್ಟ್‌ನಲ್ಲೇ ಉಳಿದರೆ ಮಿಕ್ಸರ್‌ನಲ್ಲಿದೆ. ನಾಲ್ಕೂ ಒಟ್ಟಿಗೆ ಹೋಗುತ್ತಿದ್ದರೆ ಮಾತ್ರ ಮೊದಲು ಮಿಕ್ಸರ್ ಅಡಾಪ್ಟರ್ ನೋಡಿ. ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸಿ, ಅರ್ಧ ಗಂಟೆ ಓಡಿಸಿ, ಬರೆದಿಡಿ. ಎರಡು ಒಟ್ಟಿಗೆ ಬದಲಾಯಿಸಿದರೆ ತೊಂದರೆ ನಿಂತರೂ ಯಾವುದರಿಂದ ನಿಂತಿತು ಅಂತ ಗೊತ್ತಾಗಲ್ಲ, ಮುಂದಿನ ಮುಹೂರ್ತಕ್ಕೆ ಮತ್ತೆ ಬರುತ್ತೆ.

ಚಿತ್ರ ಹೇಗೆ ಹೋಗುತ್ತೆ ಅನ್ನೋದನ್ನೂ ಗಮನಿಸಿ. ಮೊದಲು ಬಿಳಿ ಚುಕ್ಕೆ, ಗೆರೆ ಮಿನುಗಿ ಆಮೇಲೆ ಕಪ್ಪಾದರೆ ಎಸ್‌ಡಿಐ ಕೇಬಲ್ ಅಥವಾ ಅದರ ತುದಿಯ ಬಿಎನ್‌ಸಿ ಕನೆಕ್ಟರ್. ಚುಕ್ಕೆಯೇ ಇಲ್ಲದೆ ಪೂರ್ತಿ ಕಪ್ಪಾಗಿ ಬಂದರೆ ಕನ್ವರ್ಟರ್ ಆಫ್ ಆಗಿ ಆನ್ ಆಗುತ್ತಿದೆ, ಇಲ್ಲಾ ಕ್ಯಾಮೆರಾ ಕಡೆಯ ಎಚ್‌ಡಿಎಂಐ ಸಂಪರ್ಕ ತಪ್ಪಿ ಮತ್ತೆ ಕೂರುತ್ತಿದೆ.

ಕೋಲಾರದಿಂದ: ನೀವು ಹೇಳಿದ ಲಕ್ಷಣಕ್ಕೆ ನನ್ನ ಮೊದಲ ಅನುಮಾನ ಕನ್ವರ್ಟರ್ ಪವರ್ ಮೇಲೆ. ಕಪ್ಪಾದ ಕ್ಷಣಕ್ಕೆ ಒಬ್ಬರು ಬಾಲ್ಕನಿಯಲ್ಲಿ ನಿಂತು ಅದರ ಸಣ್ಣ ಲೈಟನ್ನೇ ನೋಡುತ್ತಿರಲಿ. ಲೈಟ್ ಆರಿದರೆ ಪವರ್, ಉರಿಯುತ್ತಲೇ ಇದ್ದರೆ ಸಿಗ್ನಲ್. 5 ವೋಲ್ಟ್ ಬೇಕಾದ ಡಬ್ಬಿಗೆ ಹಳೇ ಮೊಬೈಲ್ ಚಾರ್ಜರ್, ಅದಕ್ಕೆ 3 ಮೀಟರ್ ತೆಳು ಯುಎಸ್‌ಬಿ ವೈರ್ ಹಾಕಿದರೆ ವೋಲ್ಟೇಜ್ ವೈರ್‌ನಲ್ಲೇ ಇಳಿಯುತ್ತೆ. 2 ಆಂಪ್‌ನ ಒಳ್ಳೆ ಅಡಾಪ್ಟರ್, ಒಂದು ಮೀಟರ್ ಒಳಗಿನ ದಪ್ಪ ವೈರ್ ಹಾಕಿ. ಪವರ್ ಬ್ಯಾಂಕ್ ಬೇಡ, ಎಳೆಯುವ ಕರೆಂಟ್ ಕಡಿಮೆಯಾದರೆ ಕೆಲವು ತಾವೇ ಆಫ್ ಆಗುತ್ತವೆ. ಡೆಕೊರೇಷನ್ ಬಟ್ಟೆ ಕೆಳಗೆ ಕನ್ವರ್ಟರ್ ಮುಚ್ಚಿಡಬೇಡಿ, ಕಾದು ಕೈಕೊಡುತ್ತೆ.

ಗೌರಿಬಿದನೂರಿನಿಂದ: 60 ಮೀಟರ್ ಯಾವ ಕೇಬಲ್? ಸಿಸಿಟಿವಿ ರೋಲ್‌ನಿಂದ ಕತ್ತರಿಸಿದ್ದಾದರೆ ನಡುವಿನ ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇಲ್ಲವೇ ಉಕ್ಕು. 1080ಪಿ 50ಕ್ಕೆ (ಸೆಕೆಂಡಿಗೆ 50 ಪೂರ್ತಿ ಚಿತ್ರ) ಎಸ್‌ಡಿಐನಲ್ಲಿ ಸೆಕೆಂಡಿಗೆ 2.97 ಗಿಗಾಬಿಟ್ ಹೋಗಬೇಕು, ಅಷ್ಟು ದೂರಕ್ಕೆ ಆ ಕೇಬಲ್ ನಂಬೋ ಹಾಗಿಲ್ಲ. ಪರೀಕ್ಷೆಗೆ ಕ್ಯಾಮೆರಾವನ್ನು 1080ಐ 50ಕ್ಕೆ (ಸೆಕೆಂಡಿಗೆ 50 ಅರ್ಧ ಚಿತ್ರ) ಇಳಿಸಿ, ಆಗ 1.485 ಸಾಕು. ಅದರಲ್ಲಿ ಚುಕ್ಕೆ ಬರೋದು ನಿಂತರೆ ಕೇಬಲ್ ತನ್ನ ಮಿತಿ ಮುಟ್ಟಿದೆ ಅಂತ ಹೇಳಬಹುದು.

ಬಿಎನ್‌ಸಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಒಳಗೆ ಟಾರ್ಚ್ ಬಿಡಿ. ಪಿನ್ ನೇರ ನಡುವೆ ಇದೆಯಾ, ಹಿಂದಕ್ಕೆ ಸರಿದಿದೆಯಾ, ಸುತ್ತಿನ ಜಾಲರಿಯ ಒಂದು ಎಳೆ ಕೂದಲಿನಂತೆ ಬಂದು ಪಿನ್‌ಗೆ ತಾಗಿದೆಯಾ ನೋಡಿ. ಆ ಒಂದು ಎಳೆ ಸಾಕು, ಯಾರೋ ಕೇಬಲ್ ತುಳಿದಾಗ ತಾಗಿ, ಕಾಲೆತ್ತಿದಾಗ ಬಿಟ್ಟುಕೊಳ್ಳುತ್ತೆ. ಜಾಯಿಂಟ್ ಇದ್ದರೆ ಅದನ್ನೂ ಹೀಗೇ ನೋಡಿ.

ತಿಪಟೂರಿನಿಂದ: ಜನರೇಟರ್‌ಗೆ ಬದಲಾದಾಗ, ಲೈಟ್ ಬೋರ್ಡ್ ಹಾಕಿದಾಗ ಕಪ್ಪಾಗುತ್ತಾ ಅಂತ ಸಮಯ ಬರೆದು ತಾಳೆ ನೋಡಿ. ಬಾಲ್ಕನಿ ಸಾಕೆಟ್ ಬೇರೆ ಫೇಸ್‌ನಲ್ಲಿದ್ದು ಅರ್ತಿಂಗ್ ಸರಿಯಿಲ್ಲದಿದ್ದರೆ ಕೇಬಲ್ ಹೊರಕವಚದಲ್ಲೇ ಕರೆಂಟ್ ಹರಿಯುತ್ತೆ, ಪೋರ್ಟ್ ಸುಟ್ಟೇ ಹೋಗಬಹುದು. ಸಿಕ್ಕಿಸುವ ಮೊದಲು ಮಲ್ಟಿಮೀಟರನ್ನು ಎಸಿ ವೋಲ್ಟೇಜ್‌ಗೆ ಇಟ್ಟು ಬಿಎನ್‌ಸಿ ಹೊರಲೋಹಕ್ಕೂ ಕನ್ವರ್ಟರ್ ಸಾಕೆಟ್ ಲೋಹಕ್ಕೂ ಮುಟ್ಟಿಸಿ. ಒಂದೆರಡು ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಸಿಕ್ಕಿಸಬೇಡಿ. ಮಿಕ್ಸರ್ ಇರುವ ಬೋರ್ಡಿಂದಲೇ ಬಾಲ್ಕನಿಗೆ ಎಕ್ಸ್‌ಟೆನ್ಷನ್ ಎಳೆಯಿರಿ, ಲೈಟುಗಳನ್ನು ಅದಕ್ಕೆ ಸೇರಿಸಬೇಡಿ. ಅರ್ತ್ ಪಿನ್ ಮುರಿದು ಹಾಕಿ ಅಂತ ಯಾರು ಹೇಳಿದರೂ ಮಾಡಬೇಡಿ ಅಣ್ಣ, ಪ್ರಾಣದ ವಿಷಯ.

ಮಾಲೂರಿನಿಂದ: ಕ್ಯಾಮೆರಾದ ಎಚ್‌ಡಿಎಂಐ ಔಟ್ 'ಆಟೋ'ದಲ್ಲಿದ್ದರೆ ತೆಗೆದು ಮಿಕ್ಸರ್‌ಗೆ ಹೊಂದುವ ಒಂದೇ ಫಾರ್ಮ್ಯಾಟ್ ಇಡಿ, ಪವರ್ ಸೇವ್ ಆಫ್ ಮಾಡಿ. ಮೈಕ್ರೊ ಎಚ್‌ಡಿಎಂಐ ಜ್ಯಾಕ್ ಇದ್ದರೆ ವೈರ್‌ಗೆ ಕ್ಲ್ಯಾಂಪ್ ಬೇಕೇ ಬೇಕು. ವೈರ್‌ಲೆಸ್ ರಿಸೀವರನ್ನು ಟೇಬಲ್ ಮೇಲಿಡದೆ ಸ್ಟ್ಯಾಂಡ್ ಹಾಕಿ ತಲೆಗಳಿಗಿಂತ ಮೇಲೆ, ಏಳೆಂಟು ಅಡಿಗೆ ಏರಿಸಿ. ಮಂಟಪದ ಸುತ್ತ ಜನ ಎದ್ದು ನಿಂತರೆ ಮೈಗಳೇ ಸಿಗ್ನಲ್ ತಡೆಯುತ್ತವೆ.

ಕೇಳಿದವರು: ಲೈಟ್ ಆರುತ್ತಿತ್ತು. ಅಡಾಪ್ಟರ್, ವೈರ್ ಬದಲಾಯಿಸಿದ ಮೇಲೆ ಒಂದು ಗಂಟೆ ಕಪ್ಪಾಗಿಲ್ಲ. ಆದರೆ 1080ಪಿ 50ರಲ್ಲಿ ಅಪರೂಪಕ್ಕೆ ಚುಕ್ಕೆ ಬರುತ್ತಿದೆ, ಕೆರೆದರೆ ತಂತಿ ಬೆಳ್ಳಗಿದೆ.

ಗೌರಿಬಿದನೂರಿನಿಂದ: ಹಾಗಾದರೆ ಎರಡು ತೊಂದರೆ ಒಂದೇ ಲೈನ್‌ನಲ್ಲಿದ್ದವು. ಪೂರ್ತಿ ತಾಮ್ರದ 75 ಓಮ್ ಆರ್‌ಜಿ 6 ಕೇಬಲ್ ತನ್ನಿ, ಜಾಯಿಂಟ್ ಇಲ್ಲದ 70 ಮೀಟರ್ ಒಂದೇ ತುಂಡು. ಆ ಕೇಬಲ್ ಅಳತೆಗೇ ಮಾಡಿದ 75 ಓಮ್ ಕ್ರಿಂಪ್ (ಇಕ್ಕಳದಿಂದ ಒತ್ತಿ ಕೂರಿಸೋ) ಬಿಎನ್‌ಸಿ ಇರಲಿ, ಸ್ಕ್ರೂ ಮಾದರಿ ಬೇಡ. ಬರೋ ತನಕ 1080ಐ 50ರಲ್ಲೇ ಓಡಿಸಿ.