ವ್ಯಾನ್ ಮಾರಿಸನ್ ಅವರ 1974ರ ಲೈವ್ ಆಲ್ಬಂ: ‘ಸೈಪ್ರಸ್ ಅವೆನ್ಯೂ’ ಹಾಡಿನ ಆ ಮೌನ

ಪ್ರಶ್ನೆ:
ಒಂದು ವಾರದಿಂದ ಉತ್ತರ ಐರ್ಲೆಂಡಿನ ಗಾಯಕ ವ್ಯಾನ್ ಮಾರಿಸನ್ ಅವರ ಲೈವ್ ಆಲ್ಬಂ ‘ಇಟ್ಸ್ ಟೂ ಲೇಟ್ ಟು ಸ್ಟಾಪ್ ನೌ’ ಬಿಟ್ಟು ಬೇರೇನನ್ನೂ ಕೇಳಿಲ್ಲ. 1973ರಲ್ಲಿ ಲಾಸ್ ಏಂಜಲೀಸ್‌ನ ಟ್ರೂಬಡೂರ್, ಸಾಂಟಾ ಮೋನಿಕಾದ ಸಿವಿಕ್ ಆಡಿಟೋರಿಯಂ ಹಾಗೂ ಲಂಡನ್ನಿನ ರೇನ್‌ಬೋ ರಂಗಮಂದಿರದಲ್ಲಿ ನಡೆದ ಕಛೇರಿಗಳಿಂದ ಆಯ್ದ ಹಾಡುಗಳು ಇದರಲ್ಲಿವೆ. ‘ಸೈಪ್ರಸ್ ಅವೆನ್ಯೂ’ವನ್ನು ನಾನು ಮೊದಲು ಕೇಳಿದ್ದು ಅವರ 1968ರ ಸ್ಟುಡಿಯೋ ಆಲ್ಬಂ ‘ಆಸ್ಟ್ರಲ್ ವೀಕ್ಸ್’ನಲ್ಲಿ. ಅಲ್ಲಿ ಹಾರ್ಪ್ಸಿಕಾರ್ಡ್ (ಪಿಯಾನೋದಂಥ ಹಳೆಯ ತಂತಿವಾದ್ಯ), ಕೊಳಲುಗಳ ನಡುವೆ ದನಿ ತೇಲಿಕೊಂಡು ಹೋಗುತ್ತದೆ. ಡ್ರಮ್ಸ್, ಸ್ಯಾಕ್ಸೋಫೋನ್ ಸೇರಿದರೆ ಹಾಡು ಕೆಟ್ಟೇ ಹೋಗುತ್ತದೆ ಎಂದುಕೊಂಡಿದ್ದೆ. ಆದರೆ ಈ ಲೈವ್ ಆಲ್ಬಮ್ಮಿನಲ್ಲಿ, ನಾಲಿಗೆ ಕಟ್ಟಿಹೋಗುತ್ತದೆ ಎನ್ನುವ ಸಾಲಿಗೆ ಬಂದಾಗ ಅವರು ನಿಜವಾಗಿಯೂ ತೊದಲುತ್ತಾರೆ, ಕೊನೆಯ ಹೊತ್ತಿಗೆ ಎಲ್ಲವನ್ನೂ ನಿಲ್ಲಿಸಿ ಸುಮ್ಮನಾಗುತ್ತಾರೆ. ಸಭೆಯಿಂದ ಯಾರೋ ‘ಆನ್ ಮಾಡಿ’ ಎಂದು ಕೂಗಿದರೆ, ‘ಆಗಲೇ ಆನ್ ಆಗಿದೆ’ ಎಂದು ಮೆಲ್ಲಗೆ ಉತ್ತರಿಸುತ್ತಾರೆ. ಆ ಮೌನ ಮೊದಲೇ ಯೋಚಿಸಿಟ್ಟದ್ದೋ, ಆ ಕ್ಷಣಕ್ಕೆ ಹೊಳೆದದ್ದೋ?

ಉತ್ತರ 1:
ಎರಡೂ ಹೌದು ಎಂಬುದು ನನ್ನ ಅಭಿಪ್ರಾಯ. 1970ರಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್‌ನಲ್ಲಿಯೂ ಅವರು ಇದೇ ಹಾಡನ್ನು, ಈಗ ಆಲ್ಬಮ್ಮಿನ ಹೆಸರಾಗಿರುವ ಕೂಗಿನೊಂದಿಗೇ ಮುಗಿಸಿದ್ದರು. ಹಾಗಾಗಿ ಮುಕ್ತಾಯ ರೂಢಿಯಲ್ಲಿತ್ತು. ಆದರೆ ಆ ಮೌನವನ್ನು ಎಷ್ಟು ಹೊತ್ತು ಹಿಡಿಯಬೇಕೆಂಬುದನ್ನು ಅಭ್ಯಾಸದಲ್ಲಿ ನಿರ್ಧರಿಸಲು ಸಾಧ್ಯವಿಲ್ಲ. ಕೂಗಿದವನಿಗೆ ಕೊಟ್ಟ ಉತ್ತರವಂತೂ ಆ ರಾತ್ರಿಯದೇ. ಇದಕ್ಕೆ ತುಸು ಮುಂಚೆ ಬರುವ ‘ಕ್ಯಾರವಾನ್’ ಅನ್ನು ಹೆಡ್‌ಫೋನಿನಲ್ಲಿ ಕೇಳಿ. ವಾದ್ಯಗಳೆಲ್ಲ ಪಿಸುಮಾತಿನಷ್ಟಕ್ಕೆ ಇಳಿದಾಗ ಪಿಟೀಲುಗಳು ಉಸಿರು ಹಿಡಿದಂತೆ ನಿಲ್ಲುತ್ತವೆ, ಗಾಯಕನ ಒಂದೇ ಸೂಚನೆಗೆ ಕಹಳೆಗಳು ಒಮ್ಮೆಲೇ ಎರಗುತ್ತವೆ. ಅವರ ವಾದ್ಯತಂಡ ಕ್ಯಾಲೆಡೋನಿಯಾ ಸೋಲ್ ಆರ್ಕೆಸ್ಟ್ರಾದ 11 ಮಂದಿಯೂ ಸ್ವರಲಿಪಿಯ ಹಾಳೆಗಿಂತ ಹೆಚ್ಚಾಗಿ ಅವರನ್ನೇ ನೋಡುತ್ತಿದ್ದರೆಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಉತ್ತರ 2:
ಇನ್ನೊಂದು ವಿಷಯವನ್ನೂ ಗಮನಿಸಬೇಕು. ಆ ಕಾಲದಲ್ಲಿ ಲೈವ್ ಆಲ್ಬಂ ಎಂದು ಹೊರಬಂದ ಎಷ್ಟೋ ಧ್ವನಿಮುದ್ರಿಕೆಗಳನ್ನು ಆಮೇಲೆ ಸ್ಟುಡಿಯೋದಲ್ಲಿ ತಿದ್ದಲಾಗುತ್ತಿತ್ತು, ಆದರೆ ಇಲ್ಲಿ ಮಾರಿಸನ್ ಓವರ್‌ಡಬ್ಬಿಂಗಿಗೆ (ಆಮೇಲೆ ಬೇರೆಯಾಗಿ ನುಡಿಸಿ, ಹಾಡಿ ಸೇರಿಸುವುದಕ್ಕೆ) ಅವಕಾಶವನ್ನೇ ಕೊಡಲಿಲ್ಲ. ಗಿಟಾರಿನ ಒಂದೇ ಒಂದು ತಪ್ಪು ಸ್ವರಕ್ಕಾಗಿ ‘ಮೂನ್‌ಡಾನ್ಸ್’ನಂಥ ಜನಪ್ರಿಯ ಹಾಡನ್ನೇ ಕೈಬಿಟ್ಟರೆಂದು ಹೇಳುತ್ತಾರೆ. ನೀವು ಕೇಳುತ್ತಿರುವ ಮೌನವನ್ನು ನಂಬಬಹುದಾದದ್ದು ಈ ಕಾರಣಕ್ಕೆ.

ಉತ್ತರ 3:
ಹೊಗಳಿಕೆಯ ನಡುವೆ ಒಂದು ಸಣ್ಣ ತಕರಾರು: ‘ವಾರ್ಮ್ ಲವ್’ ನನಗೆ ಸಪ್ಪೆ ಎನಿಸುತ್ತದೆ, ಪ್ರತಿ ಸಲವೂ ದಾಟಿಸಿಬಿಡುತ್ತೇನೆ. ಆದರೆ ಸ್ಯಾಮ್ ಕುಕ್, ರೇ ಚಾರ್ಲ್ಸ್, ಬಾಬಿ ಬ್ಲಾಂಡ್ ಅವರ ಹಾಡುಗಳನ್ನು ಎತ್ತಿಕೊಂಡಾಗ, ಬೆಲ್‌ಫಾಸ್ಟ್‌ನ ಹುಡುಗನೊಬ್ಬ ಯಾರ ದನಿಗಳನ್ನು ಕೇಳಿ ಬೆಳೆದನೆಂಬುದು ಸ್ಪಷ್ಟವಾಗುತ್ತದೆ. 2016ರಲ್ಲಿ ಇದೇ ಕಛೇರಿಗಳ ಇನ್ನೂ ಮೂರು ಸಂಪುಟಗಳು ಬಂದಿವೆ. ಅವುಗಳಿಗೆ ಅವಸರ ಮಾಡಬೇಡಿ, ಮೊದಲು ಈ ಆಲ್ಬಂ ಪೂರ್ತಿಯಾಗಿ ಮನಸ್ಸಿಗೆ ಇಳಿಯಲಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ‘ಕ್ಯಾರವಾನ್’ ಅನ್ನು ಹೆಡ್‌ಫೋನಿನಲ್ಲಿ ಎರಡು ಸಲ ಕೇಳಿದೆ. ಪಿಟೀಲುಗಳು ಇಳಿಯುವಾಗ ಸಭೆಯಲ್ಲಿ ಒಂದು ಕೆಮ್ಮೂ ಕೇಳಿಸಲಿಲ್ಲ.