ಅಪ್‌ಡೇಟ್: ಬಿಟ್ಟಿದ್ದ ಹಾರ್ಮೋನ್ ಚಿಕಿತ್ಸೆಯನ್ನು ಬದಲಿಸಿ ಮತ್ತೆ ಶುರುಮಾಡಿದೆ

ಮುಟ್ಟು ನಿಂತ ಮೇಲೆ ಐದು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದ ಹಾರ್ಮೋನ್ ಮಾತ್ರೆಯನ್ನು ಮುಂದುವರಿಸಬೇಕೇ, ಬಿಡಬೇಕೇ ಎಂದು ಹಿಂದೆ ಕೇಳಿದ್ದೆ. ಅಷ್ಟರಲ್ಲಿ ಯಾರನ್ನೂ ವಿಚಾರಿಸದೆ ಒಮ್ಮೆಲೇ ಬಿಟ್ಟುಬಿಟ್ಟೆ (ಅವಸರ ನನ್ನದೇ). ಮೂರನೆಯ ವಾರಕ್ಕೆ, ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿಯೂ ನಡುರಾತ್ರಿ ಕಂಬಳಿ ಒದ್ದೆದ್ದು, ಬೆವರಿಗೆ ತೊಯ್ದ ರವಿಕೆ ಬದಲಿಸಿ, ಕಿಟಕಿ ತೆರೆದು ನಿಲ್ಲುವಂತಾಯಿತು. ಹಾಸನದ ಸ್ತ್ರೀರೋಗ ತಜ್ಞೆಯೊಬ್ಬರು, 2002ರ ಅಮೆರಿಕದ ಅಧ್ಯಯನದಲ್ಲಿ ಈಸ್ಟ್ರೋಜನ್ (ಸ್ತ್ರೀ ಹಾರ್ಮೋನ್) ಜೊತೆ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಎಂಬ ಇನ್ನೊಂದು ಸ್ತ್ರೀ ಹಾರ್ಮೋನಿನಂತೆ ಕೆಲಸ ಮಾಡುವ ಔಷಧ) ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ತುಸು ಹೆಚ್ಚಿದ್ದು ನಿಜವಾದರೂ ಆ ಮಹಿಳೆಯರ ಸರಾಸರಿ ವಯಸ್ಸು 63, ಅಂದರೆ ಹಲವರಿಗೆ ಮುಟ್ಟು ನಿಂತು ಬಹಳ ವರ್ಷಗಳಾಗಿದ್ದವೆಂದೂ, ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆಯೆಂದೂ, ನನಗೆ ಗರ್ಭಕೋಶ ಇರುವುದರಿಂದ ಅದರ ಒಳಪದರದ ರಕ್ಷಣೆಗೆ ಜೊತೆಗೆ ಪ್ರೊಜೆಸ್ಟರಾನ್ ಬೇಕೇಬೇಕೆಂದೂ ವಿವರಿಸಿದರು. ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ ಪರೀಕ್ಷೆ) ಮಾಡಿಸಿಕೊಂಡು, ಕಡಿಮೆ ಪ್ರಮಾಣದ ಜೆಲ್ ಆರಂಭಿಸಿದ್ದೇನೆ. ಮುಂದಿನ ವರ್ಷ ಮತ್ತೆ ಪರಿಶೀಲಿಸುತ್ತಾರೆ.